ಸೆನೊಟಾಫ್ ಹತ್ತಿರ ಇಳ್ಕೊ

ಸಾನಪಾಡಾದಲ್ಲಿ ನಾವೀಗ ಇರುವ ಬಾಡಿಗೆ ಮನೆಯ ಬಾಲ್ಕನಿಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಹಿಂದೆ, ಒಂದು ಕರಿಕಲ್ಲಿನ ಫಲಕವಿದೆ. ಎರಡಡಿ ಉದ್ದ, ಒಂದಡಿ ಅಗಲ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ಮನೆಗೆಲಸದಾಕೆ ಗುಡಿಸುವಾಗಲೆಲ್ಲ, "ಸಾಹೇಬ್, ಈ ಕಲ್ಲು ಯಾವತ್ತು ಹೋಗುತ್ತೆ?" ಎಂದು ಕೇಳುತ್ತಾಳೆ. ಮೊನ್ನೆಮೊನ್ನೆಯವರೆಗೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಲ್ಲಿನ ಕತೆ ಇಷ್ಟು. ನಮ್ಮ ಹೌಸಿಂಗ್ ಸೊಸೈಟಿಗೆ ಮೂವತ್ತು ವರ್ಷ ದಾಟಿತ್ತು. ಸ್ಲ್ಯಾಬ್ ಉದುರುವುದು, ಮಳೆಗಾಲದಲ್ಲಿ ಗೋಡೆ ಒದ್ದೆಯಾಗುವುದು ಶುರುವಾದ ಮೇಲೆ, ಸುತ್ತಮುತ್ತಲಿನ ಅನೇಕ ಸೊಸೈಟಿಗಳಂತೆ ನಾವೂ ರೀಡೆವಲಪ್‌ಮೆಂಟಿಗೆ ಸಹಿ ಹಾಕಿದೆವು. ಎರಡು ವರ್ಷದ ಹಿಂದೆ ಜೆಸಿಬಿ ಬಂತು. ಕಟ್ಟಡದ ಜೊತೆಗೆ ಸೊಸೈಟಿಯ ಪುಟ್ಟ ಪಾರ್ಕಿನ ಮೂಲೆಯಲ್ಲಿದ್ದ ಒಂದು ಕೋಣೆಯ ವಾಚನಾಲಯವೂ ನೆಲಸಮವಾಯಿತು. ಅದು ಸೊಸೈಟಿಯ ಮೊದಲ ಕಾರ್ಯದರ್ಶಿಯ ನೆನಪಿಗೆ ಕಟ್ಟಿದ ಕೋಣೆ. ಟ್ಯಾಂಕರ್ ನೀರು ಕುಡಿದು ದಿನ ತಳ್ಳುತ್ತಿದ್ದ ಕಾಲದಲ್ಲಿ ಆತ ಕೆಲಸಕ್ಕೆ ರಜೆ ಹಾಕಿ ಕಚೇರಿಯಿಂದ ಕಚೇರಿಗೆ ಅಲೆದು ಕೊಳಾಯಿ ತರಿಸಿದ ಮನುಷ್ಯ. ಎಲ್ಲರಿಗೂ ಅವರು 'ಕಾಕಾ'. ಕಾಕಾ ತೀರಿಕೊಂಡ ಮೇಲೆ ಅವರ ಪುಸ್ತಕಗಳನ್ನೇ ಇಟ್ಟು ವಾಚನಾಲಯ ಮಾಡಿದ್ದೆವು. ಬಾಗಿಲ ಪಕ್ಕದ ಗೋಡೆಯಲ್ಲಿ ಈ ಫಲಕ ಇತ್ತು. ಡೆಬ್ರಿ ಲಾರಿಗೆ ಹಾಕುವ ಮೊದಲು ಅದನ್ನು ಎತ್ತಿಕೊಂಡು ಬಂದವನು ನಾನು.

ಈಗ ಹೊಸ ಕಟ್ಟಡ ಮುಗಿಯುತ್ತಾ ಬಂದಿದೆ. ಹೊಸ ಪ್ಲಾನಿನಲ್ಲಿ ಜಿಮ್ ಇದೆ, ಮಕ್ಕಳ ಆಟದ ಜಾಗ ಇದೆ, ವಾಚನಾಲಯ ಇಲ್ಲ. ಸಭೆಯಲ್ಲಿ ಕಲ್ಲಿನ ವಿಷಯ ಎತ್ತಿದಾಗ ಹೊಸದಾಗಿ ಫ್ಲ್ಯಾಟ್ ಕೊಂಡ ಯುವಕನೊಬ್ಬ, ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿಯದೆ, "ಅಂಕಲ್, ಇವರು ಯಾರು?" ಎಂದು ಕೇಳಿದ. ಕಲ್ಲಿನ ಮೇಲೆ ಮರಾಠಿಯಲ್ಲಿ ಕಾಕಾನ ಹೆಸರು, 'ಸ್ಮರಣಾರ್ಥ' ಎಂಬ ಶಬ್ದ, ಇಸವಿ. ಅಷ್ಟೇ ಇತ್ತು. ನೀರಿನ ಮಾತೇ ಇಲ್ಲ. ನಾವು ಕೆತ್ತಿಸುವಾಗ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಮನೆಗೆ ಬಂದು ಹೇಳಿದಾಗ ಅಪ್ಪ ಪೇಪರಿನಿಂದ ತಲೆ ಎತ್ತದೆ, "ಸೆನೊಟಾಫ್ ಕತೆ ಆಯ್ತು ಬಿಡು" ಎಂದರು.

ಅಪ್ಪನ ಸೆನೊಟಾಫ್

ಎಂಬತ್ತರ ಹತ್ತಿರದ ಅಪ್ಪ 1963ರಲ್ಲಿ ಗುಬ್ಬಿಯಿಂದ ಬೆಂಗಳೂರಿಗೆ ಓದಲು ಬಂದವರು. ಚಿಕ್ಕಪೇಟೆಯ ನೆಂಟರ ಮನೆಯಲ್ಲಿ ವಾಸ. ಅವೆನ್ಯೂ ರಸ್ತೆ ಹಾದು, ಕಾರ್ಪೊರೇಷನ್ ಮುಂದೆ ಹೋಗಿ, ಈಗ ನೃಪತುಂಗ ರಸ್ತೆ ಎನ್ನುವ ರಸ್ತೆ ಹಿಡಿದು ಕಾಲೇಜಿಗೆ ನಡೆದು ಹೋಗುತ್ತಿದ್ದರು. ಆಗ ಅದರ ಹೆಸರು ಸೆನೊಟಾಫ್ ರೋಡ್. ಕಾರ್ಪೊರೇಷನ್ ಎದುರಿನ ವೃತ್ತದಲ್ಲಿ ನಿಂತಿದ್ದ ಎತ್ತರದ ಕಲ್ಲಿನ ಸ್ಮಾರಕದಿಂದ ಬಂದ ಹೆಸರು ಅದು.

ನಮ್ಮ ಮನೆಯಲ್ಲಿ ಈ ಶಬ್ದ ನಾನು ಚಿಕ್ಕವನಿದ್ದಾಗಿನಿಂದ ಇದೆ. ಊರಿನಿಂದ ಯಾರಾದರೂ ಬೆಂಗಳೂರಿಗೆ ಹೊರಟರೆ ಅಜ್ಜಿ, "ಸನಟಾಪಿನ ಹತ್ರ ಇಳ್ಕೊಳಪ್ಪ, ಮುಂದೆ ಹೋಗ್ಬಿಟ್ಟೀಯ" ಎನ್ನುತ್ತಿದ್ದಳು. ಅಷ್ಟು ಹೊತ್ತಿಗೆ ಆ ಸ್ಮಾರಕ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಅಜ್ಜಿ ಅದನ್ನು ನೋಡಿಯೇ ಇರಲಿಲ್ಲ. ನಾನು ಬಹಳ ದಿನ ಸನಟಾಪು ಎಂದರೆ ಬಸ್ ಸ್ಟ್ಯಾಂಡಿನ ಹೆಸರು ಎಂದುಕೊಂಡಿದ್ದೆ.

ಸೆನೊಟಾಫ್ ಎನ್ನುವುದು ಗ್ರೀಕ್ ಮೂಲದ ಮಾತು. ಖಾಲಿ ಸಮಾಧಿ ಎಂದರ್ಥ. ದೇಹ ಬೇರೆಲ್ಲೋ ಮಣ್ಣಾಗಿರುತ್ತದೆ, ಸ್ಮಾರಕ ಮಾತ್ರ ಇಲ್ಲಿ. ಬೆಂಗಳೂರಿನದು 1791ರ ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಕಡೆಯವರ ನೆನಪಿಗೆ ನಿಲ್ಲಿಸಿದ್ದು. ನಿಲ್ಲಿಸಿದ್ದು ಮೈಸೂರು ಸಂಸ್ಥಾನದ ಸರ್ಕಾರ. ಸತ್ತ ಅಧಿಕಾರಿಗಳ ಹೆಸರುಗಳನ್ನು ಅದರಲ್ಲಿ ಕೆತ್ತಿದ್ದರು; ಮುಖ್ಯವಾದದ್ದು ಲೆಫ್ಟಿನೆಂಟ್ ಕರ್ನಲ್ ಜೋಸೆಫ್ ಮೂರ್‌ಹೌಸ್ ಎಂಬಾತನದು.

"ನೀವು ಅದನ್ನ ಓದಿದ್ರಾ ಅಪ್ಪ?" ಎಂದು ಕೇಳಿದೆ.

"ಎಲ್ಲಿ ಓದೋದು! ದಿನಾ ಎರಡು ಸಲ ಅದರ ಪಕ್ಕದಲ್ಲೇ ಹೋಗ್ತಿದ್ದೆ. ಒಂದಿನಾನೂ ನಿಂತು ಓದ್ಲಿಲ್ಲ. ಬಿಸಿಲಿದ್ರೆ ಅದರ ನೆರಳಲ್ಲಿ ನಿಂತಿದ್ದೀನಿ, ಅಷ್ಟೇ."

ಆ ಮಾರ್ಚ್ ತಿಂಗಳು

ಮೂರನೆಯ ಮೈಸೂರು ಯುದ್ಧ ನಡೆದದ್ದು 1790ರಿಂದ 92ರವರೆಗೆ. ಇಂಗ್ಲಿಷರ ಸೇನೆಯನ್ನು ಸ್ವತಃ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ನಡೆಸಿಕೊಂಡು ಬಂದ. ಹತ್ತು ವರ್ಷ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್ನನ ಸೇನೆಗೆ ಶರಣಾಗಿದ್ದವನು ಈತನೇ. ಟಿಪ್ಪುವಿನ ವಿರುದ್ಧ ಈ ಬಾರಿ ಇಂಗ್ಲಿಷರ ಜೊತೆ ಪುಣೆಯ ಪೇಶ್ವೆಯೂ ಹೈದರಾಬಾದಿನ ನಿಜಾಮನೂ ಸೇರಿದ್ದರು. ಅತ್ತ ಧಾರವಾಡದ ಕೋಟೆಗೆ ಪರಶುರಾಮ ಭಾವೂ ಪಟವರ್ಧನನ ಮರಾಠಾ ಸೇನೆ ಮುತ್ತಿಗೆ ಹಾಕಿ ಕೂತಿತ್ತು. ಇಲ್ಲಿ ಸಾನಪಾಡಾದಲ್ಲಿ ನನ್ನ ಮರಾಠಿ ಗೆಳೆಯರಿಗೆ ಆ ಯುದ್ಧ ಅವರ ಕಡೆಯಿಂದ ಗೊತ್ತು, ನನಗೆ ನಮ್ಮ ಕಡೆಯಿಂದ.

1791ರ ಮಾರ್ಚ್ ಮೊದಲ ವಾರದಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ತಲುಪಿದ. ಆಗಿನ ಬೆಂಗಳೂರೆಂದರೆ ಎರಡು ಭಾಗ. ಒಂದು ಕಲ್ಲಿನ ಕೋಟೆ, ಅದರ ಒಂದು ತುಂಡು ಇವತ್ತೂ ಕೆ.ಆರ್. ಮಾರ್ಕೆಟ್ ಪಕ್ಕದಲ್ಲಿದೆ. ಇನ್ನೊಂದು ಅದರ ಉತ್ತರಕ್ಕಿದ್ದ ಪೇಟೆ: ನೇಕಾರರು, ವರ್ತಕರು, ಕುಂಬಾರರು ಇದ್ದ ಜನನಿಬಿಡ ಊರು. ಪೇಟೆಯ ಸುತ್ತ ಕಂದಕ ಮತ್ತು ದಟ್ಟವಾದ ಮುಳ್ಳುಬೇಲಿ. ಮಾರ್ಚ್ 7ರಂದು ಇಂಗ್ಲಿಷರು ಪೇಟೆಯ ಹಲಸೂರು ಬಾಗಿಲಿನ ಮೇಲೆ ಬಿದ್ದರು. ಬಾಗಿಲು ಒಡೆಯಲು ಫಿರಂಗಿಗಳನ್ನು ನಡೆಸಿಕೊಂಡು ಬಂದ ಮದ್ರಾಸ್ ಫಿರಂಗಿದಳದ ಮೂರ್‌ಹೌಸ್ ಅಲ್ಲೇ ಗುಂಡು ತಗುಲಿ ಸತ್ತ. ಸೇನೆಯ ಜೊತೆಗೇ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಆ ಸಾವಿನ ದೊಡ್ಡ ತೈಲಚಿತ್ರವನ್ನೇ ಬರೆದ. ಅದು ಈಗ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ.

ಪೇಟೆ ಬಿದ್ದ ಮೇಲೆ ಎರಡು ವಾರ ಕೋಟೆಯ ಗೋಡೆಗೆ ಫಿರಂಗಿ ಹೊಡೆತ. ಮಾರ್ಚ್ 21ರ ರಾತ್ರಿ, ಗೋಡೆ ಒಡೆದ ಕಡೆಯಿಂದ ಇಂಗ್ಲಿಷರು ಒಳನುಗ್ಗಿದರು. ಕೋಟೆಯ ಕಿಲ್ಲೇದಾರ ಬಹಾದೂರ್ ಖಾನ್. ಎಪ್ಪತ್ತರ ಆಸುಪಾಸಿನ ಮುದುಕ, ಉದ್ದನೆಯ ಬಿಳಿ ಗಡ್ಡ. ಓಡಿಹೋಗದೆ ಕತ್ತಿ ಹಿಡಿದು ನಿಂತು ಅಲ್ಲೇ ಸತ್ತ. ಶವವನ್ನು ಕಳಿಸಿಕೊಡುತ್ತೇನೆಂದು ಕಾರ್ನ್‌ವಾಲಿಸ್ ಹೇಳಿ ಕಳಿಸಿದಾಗ, ಬಿದ್ದ ಊರಿನಲ್ಲೇ ಅವನನ್ನು ಗೌರವದಿಂದ ಮಣ್ಣು ಮಾಡಿ ಎಂದು ಟಿಪ್ಪು ಉತ್ತರಿಸಿದನೆಂದು ಇಂಗ್ಲಿಷರ ಬರಹಗಳೇ ಹೇಳುತ್ತವೆ. ಮಾರ್ಕೆಟ್ ಹತ್ತಿರದ ಒಂದು ದರ್ಗಾವನ್ನು ಅವನ ಸಮಾಧಿಯೆಂದು ನಗರದ ಇತಿಹಾಸಾಸಕ್ತರು ಗುರುತಿಸುತ್ತಾರೆ.

ಮುಂದಿನದು ಶಾಲೆಯ ಪಾಠದಲ್ಲೇ ಓದಿದ್ದೇವೆ. 1792ರ ಶ್ರೀರಂಗಪಟ್ಟಣದ ಒಪ್ಪಂದ, ಅರ್ಧ ರಾಜ್ಯ ಹೋದದ್ದು, ಟಿಪ್ಪುವಿನ ಇಬ್ಬರು ಚಿಕ್ಕ ಮಕ್ಕಳು ಒತ್ತೆಯಾಳಾಗಿ ಹೋದದ್ದು.

ಈಗ ಪೇಟೆಯ ಆ ಬಾಗಿಲು ಇಲ್ಲ, ಮುಳ್ಳುಬೇಲಿ ಇಲ್ಲ. ಹಲಸೂರು ಗೇಟ್ ಎಂಬ ಹೆಸರು ಮಾತ್ರ ಪೊಲೀಸ್ ಸ್ಟೇಷನ್ನಿನ ಬೋರ್ಡಿನಲ್ಲಿ ಉಳಿದಿದೆ. ಅಪ್ಪನ ಸೆನೊಟಾಫ್ ನಿಂತಿದ್ದದ್ದು ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಎಂದರೆ ಸುಮ್ಮನೆ ವೃತ್ತದ ಅಲಂಕಾರಕ್ಕೆಂದು ಅದನ್ನು ಅಲ್ಲಿ ಇಟ್ಟದ್ದಲ್ಲ. ಕಾಳಗ ನಡೆದ ಜಾಗಕ್ಕೇ ಅದು ಗುರುತಾಗಿತ್ತು.

ಕಲ್ಲು ಉರುಳಿದ ದಿನ

1964ರ ಅಕ್ಟೋಬರ್ 28ರಂದು ಬೆಂಗಳೂರು ನಗರಪಾಲಿಕೆಯೇ ಅದನ್ನು ಕೆಡವಿತು. ರಾಜ್ಯೋತ್ಸವಕ್ಕೆ ನಾಲ್ಕೇ ದಿನ ಇತ್ತು.

ಆ ಕಾಲದ ಬಿಸಿಯನ್ನು ನೆನಪಿಗೆ ತಂದುಕೊಳ್ಳದಿದ್ದರೆ ಇದು ಅರ್ಥವಾಗುವುದಿಲ್ಲ. ಕನ್ನಡ ನಾಡು ಒಂದಾಗಿ ಎಂಟು ವರ್ಷವಾಗಿತ್ತು, ಆದರೆ ರಾಜ್ಯದ ಹೆಸರು ಇನ್ನೂ ಮೈಸೂರು. ಕರ್ನಾಟಕ ಎಂಬ ಹೆಸರಿಗೆ 1973ರವರೆಗೆ ಕಾಯಬೇಕಿತ್ತು. ಬೆಂಗಳೂರಿನಲ್ಲಿ ಕನ್ನಡಕ್ಕೆ ಜಾಗ ಕೇಳಬೇಕಾದ ಸ್ಥಿತಿ. 1962ರಲ್ಲಿ ರಾಮೋತ್ಸವದ ಸಂಗೀತ ಕಛೇರಿಗಳಲ್ಲಿ ಕನ್ನಡದ ಕಲಾವಿದರಿಗೆ ಅವಕಾಶ ಬೇಕೆಂದು ಅ.ನ. ಕೃಷ್ಣರಾಯರು ಬೀದಿಗಿಳಿದಿದ್ದರು. ಮ. ರಾಮಮೂರ್ತಿಯವರು ಊರೂರು ತಿರುಗಿ ಕನ್ನಡ ಪಕ್ಷ ಕಟ್ಟುತ್ತಿದ್ದರು. ಸ್ವಾತಂತ್ರ್ಯ ಬಂದು ಹದಿನೇಳು ವರ್ಷವಾದರೂ ನಮ್ಮೂರನ್ನು ಗೆದ್ದವರ ಕಲ್ಲು ನಗರಸಭೆಯ ಎದುರೇ ಏಕೆ ನಿಂತಿರಬೇಕು ಎಂದು ಕನ್ನಡ ಚಳವಳಿಯವರು ಕೇಳಿದ್ದು ಆ ಹೊತ್ತಿನಲ್ಲಿ. ನ್ಯಾಯವಾದ ಪ್ರಶ್ನೆಯೇ. ಅದೇ ವರ್ಷ ಕಾರ್ಪೊರೇಷನ್ ಕಚೇರಿಯ ಮುಂದೆ ಕೆಂಪೇಗೌಡರ ಪ್ರತಿಮೆ ನಿಂತಿತು. ರಸ್ತೆ ನೃಪತುಂಗ ರಸ್ತೆಯಾಯಿತು. ಊರು ಕಟ್ಟಿದವನಿಗೊಂದು ಪ್ರತಿಮೆ, ಕನ್ನಡದ ಮೊದಲ ಉಪಲಬ್ಧ ಗ್ರಂಥ 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನದ ಅರಸನಿಗೊಂದು ರಸ್ತೆ. ಇದಕ್ಕಿಂತ ಒಳ್ಳೆಯ ಎರಡು ಹೆಸರು ಯಾರೂ ಆರಿಸಲಾರರು.

"ಬೆಳಗ್ಗೆ ಕಾಲೇಜಿಗೆ ಹೋಗ್ತಾ ನೋಡ್ದೆ, ಜನ ಸೇರಿದ್ರು. ನಮಗೆಲ್ಲ ಖುಷಿ. ಹದಿನೆಂಟು ವರ್ಷದ ಹುಡುಗರು, ಚಪ್ಪಾಳೆ ತಟ್ಟಿದ್ವಿ" ಎಂದರು ಅಪ್ಪ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಪ್ಪಾಳೆ ತಟ್ಟಿದ್ದಕ್ಕೆ ಬೇಜಾರಿಲ್ಲ ಕಣೋ. ಆದ್ರೆ ಅದು ಯಾವ ಯುದ್ಧದ್ದು, ನಮ್ಮೋರು ಯಾರು ಸತ್ರು ಅಂತ ಆಗ್ಲೂ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ" ಎಂದು ಸೇರಿಸಿದರು.

ಭಾಯಖಳದ ತೋಟದಲ್ಲಿ

ಸಭೆ ನಡೆದ ಮುಂದಿನ ಭಾನುವಾರ ಅಪ್ಪನನ್ನೂ ಮಗಳನ್ನೂ ಕರೆದುಕೊಂಡು ಭಾಯಖಳಕ್ಕೆ ಹೋದೆ. ಸಾನಪಾಡಾದಿಂದ ಹಾರ್ಬರ್ ಲೈನಿನಲ್ಲಿ ಕುರ್ಲಾ, ಅಲ್ಲಿ ಬದಲಿಸಿ ಭಾಯಖಳ. ಮಗಳಿಗೆ ರಾಣಿಬಾಗಿನ ಪೆಂಗ್ವಿನ್ ನೋಡಬೇಕಿತ್ತು. ನನಗೆ ಅದೇ ಆವರಣದ ಭಾವು ದಾಜಿ ಲಾಡ್ ಮ್ಯೂಸಿಯಂ ತೋಟದಲ್ಲಿರುವ ಕೆಲವು ಪ್ರತಿಮೆಗಳನ್ನು ಅಪ್ಪನಿಗೆ ತೋರಿಸಬೇಕಿತ್ತು.

ಮುಂಬಯಿಯಲ್ಲೂ ಅದೇ ಹೊತ್ತಿಗೆ ಅದೇ ಪ್ರಶ್ನೆ ಎದ್ದಿತ್ತು. 1965ರಲ್ಲಿ ಫೋರ್ಟ್ ಪ್ರದೇಶದ ಇಂಗ್ಲಿಷರ ಪ್ರತಿಮೆಗಳಿಗೆ ಏಟು ಬಿತ್ತು. ಕೆಲವದರ ಮೂಗು ಹೋಯಿತು, ಕೆಲವದರ ತಲೆಯೇ ಹೋಯಿತು. ಆದರೆ ಇಲ್ಲಿ ಅವನ್ನು ಪುಡಿಮಾಡಲಿಲ್ಲ. ಬೀದಿಯಿಂದ ಎತ್ತಿ ಈ ತೋಟಕ್ಕೆ ತಂದು ನಿಲ್ಲಿಸಿದರು. ಕಾಲಾಘೋಡಾ ಎಂಬ ಇಡೀ ಪ್ರದೇಶಕ್ಕೆ ಹೆಸರು ಕೊಟ್ಟ ಕಪ್ಪು ಕುದುರೆಯೂ, ಅದರ ಮೇಲೆ ಕೂತ ಏಳನೆಯ ಎಡ್ವರ್ಡನೂ ರಾಣಿಬಾಗಿಗೇ ಬಂದರು. ಮ್ಯೂಸಿಯಂ ಹತ್ತಿರದ ಮರಗಳ ನಡುವೆ ನಿಂತವರಲ್ಲಿ ಇಬ್ಬರು ನಮಗೆ ಹಳೆಯ ಪರಿಚಯದವರು. ಒಬ್ಬ ಕಾರ್ನ್‌ವಾಲಿಸ್. ಇನ್ನೊಬ್ಬ 1799ರಲ್ಲಿ ಟಿಪ್ಪು ಸತ್ತಾಗ ಗವರ್ನರ್ ಜನರಲ್ ಆಗಿದ್ದ ವೆಲ್ಲೆಸ್ಲಿ.

ಅಪ್ಪ ಕಾರ್ನ್‌ವಾಲಿಸನ ಮುಂದೆ ಕೈಕಟ್ಟಿ ನಿಂತರು. ಸುತ್ತ ಪೆಂಗ್ವಿನ್ ಕಡೆಗೆ ಓಡುವ ಮಕ್ಕಳು, ಐಸ್‌ಕ್ರೀಂ ಕೈಲಿ ಹಿಡಿದ ದಂಪತಿಗಳು. ಯಾರೂ ಇವನತ್ತ ತಿರುಗಿ ನೋಡುತ್ತಿರಲಿಲ್ಲ. "ಇಲ್ಲಿ ಇವನಿಂದ ಯಾರಿಗೂ ಏನೂ ತೊಂದರೆ ಇಲ್ಲ ನೋಡು" ಎಂದರು ಅಪ್ಪ. ನಿಜ. ಚೌಕದ ನಡುವೆ ಪೀಠದ ಮೇಲೆ ನಿಂತಾಗ ಅವನು ಅಧಿಕಾರ. ಮ್ಯೂಸಿಯಂ ತೋಟದಲ್ಲಿ ಮರದಡಿ ನಿಂತಾಗ ಇತಿಹಾಸದ ಒಂದು ತುಂಡು. ಕಲ್ಲು ಅದೇ, ಜಾಗ ಬದಲಾಗಿದೆ.

"ಇವರು ಯಾರು ತಾತ?" ಎಂದು ಮಗಳು ಕೇಳಿದಳು. ಅಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತು ಬೆಂಗಳೂರಿನ ಮುಳ್ಳುಬೇಲಿಯಿಂದ ಶುರುಮಾಡಿದರು. ಪೆಂಗ್ವಿನ್‌ಗೆ ಅರ್ಧ ಗಂಟೆ ತಡವಾಯಿತು. ಪ್ರತಿಮೆ ಇದ್ದದ್ದರಿಂದ ಪ್ರಶ್ನೆ ಬಂತು, ಪ್ರಶ್ನೆ ಬಂದದ್ದರಿಂದ ಬಹಾದೂರ್ ಖಾನನ ಹೆಸರು ಸಾನಪಾಡಾದಲ್ಲಿ ಬೆಳೆಯುತ್ತಿರುವ ಹನ್ನೊಂದು ವರ್ಷದ ಹುಡುಗಿಯ ಕಿವಿಗೆ ಬಿತ್ತು.

ಇನ್ನೊಂದು ಸಂಗತಿ. ಕಾಲಾಘೋಡಾದ ಖಾಲಿ ಜಾಗಕ್ಕೆ 2017ರಲ್ಲಿ ಒಂದು ಹೊಸ ಕುದುರೆ ಬಂತು. ಕಪ್ಪು ಕುದುರೆಯೇ, ಆದರೆ ಬೆನ್ನ ಮೇಲೆ ಸವಾರನಿಲ್ಲ. ಜನಕ್ಕೆ ಬೇಕಾಗಿದ್ದದ್ದು ಕುದುರೆ, ರಾಜ ಅಲ್ಲ. ಐವತ್ತು ವರ್ಷ ಬಿಟ್ಟು ಯೋಚಿಸಿದಾಗ ಹೊಳೆದ ಉಪಾಯ ಅದು.

ಚೆನ್ನೈ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ತೇನಾಂಪೇಟೆಯಲ್ಲಿ ಇವತ್ತಿಗೂ ಸೆನೊಟಾಫ್ ರೋಡ್ ಇದೆ. ಅದೂ ಕಾರ್ನ್‌ವಾಲಿಸನ ನೆನಪಿನ ಸ್ಮಾರಕದಿಂದಲೇ ಬಂದ ಹೆಸರು. ಸ್ಮಾರಕ ಎಂದೋ ಅಲ್ಲಿಂದ ಜಾಗ ಬದಲಿಸಿತು, ಹೆಸರು ಬಿಡಲಿಲ್ಲ. ಕಾರ್ನ್‌ವಾಲಿಸನ ಪ್ರತಿಮೆ ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಂನಲ್ಲಿದೆ. ಅದರ ಪೀಠದಲ್ಲಿ ಟಿಪ್ಪುವಿನ ಪುಟ್ಟ ಮಕ್ಕಳನ್ನು ಒಪ್ಪಿಸುವ ದೃಶ್ಯವನ್ನು ಕೆತ್ತಿದ್ದಾರೆ. ಗೆದ್ದವನ ಹೆಮ್ಮೆಗೆಂದು ಕೆತ್ತಿದ ಆ ಚಿತ್ರವನ್ನು ಇವತ್ತು ನೋಡಿದರೆ ಕಣ್ಣು ಹೋಗುವುದು ಆ ಇಬ್ಬರು ಮಕ್ಕಳ ಕಡೆಗೇ. ಅವನ ಸಮಾಧಿ ಇರುವುದು ಉತ್ತರ ಪ್ರದೇಶದ ಗಾಜೀಪುರದಲ್ಲಿ, 1805ರಲ್ಲಿ ಅವನು ಸತ್ತ ಊರಿನಲ್ಲಿ. ಆ ಊರಿನ ಒಂದು ತೋಟದ ನಡುವೆ, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ, ಗುಮ್ಮಟದ ಕಟ್ಟಡ ಇನ್ನೂ ನಿಂತಿದೆ.

ಅಳಿಸಿದ್ದು ಯಾರನ್ನು?

ಸೆನೊಟಾಫ್ ಕೆಡವಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಆ ಕಲ್ಲು ಮತ್ತೆ ಬರಲಿ ಎಂದೂ ಅಲ್ಲ. ಬೆಂಗಳೂರಿನ ಪೇಟೆಯನ್ನು ಒಡೆದವನ ಹೆಸರು ಬೆಂಗಳೂರಿನ ನಗರಸಭೆಯ ಎದುರು ಎತ್ತರದಲ್ಲಿ ಇರಬೇಕಾಗಿಲ್ಲ. ನನ್ನ ತಕರಾರು ಬೇರೆ. ಕಲ್ಲು ಹೋದಾಗ ಮೂರ್‌ಹೌಸಿಗೆ ಏನೂ ನಷ್ಟವಾಗಲಿಲ್ಲ. ಅವನ ಚಿತ್ರ ಲಂಡನ್ನಿನಲ್ಲಿದೆ, ಅವನ ಬಗ್ಗೆ ಬರೆದ ಪುಸ್ತಕಗಳಿವೆ. ನಷ್ಟವಾದದ್ದು ನಮಗೆ. ಆ ಜಾಗದಲ್ಲಿ ಒಂದು ಕಾಳಗ ನಡೆಯಿತು, ಪೇಟೆಯ ಜನ ಸತ್ತರು, ಅವರ ಮನೆ ಲೂಟಿಯಾಯಿತು, ಎಪ್ಪತ್ತರ ಮುದುಕ ಕೋಟೆ ಬಿಡದೆ ನಿಂತ ಎಂದು ಹೇಳುವ ಒಂದೇ ಒಂದು ಗುರುತು, ಶತ್ರುವಿನ ಕೈಬರಹದಲ್ಲಾದರೂ ಇದ್ದದ್ದು, ಅದೂ ಹೋಯಿತು. ಬದಲಿಗೆ ನಮ್ಮ ಕೈಬರಹದಲ್ಲಿ ನಾವೇನೂ ಬರೆಯಲಿಲ್ಲ.

ಕೋಟೆಯ ಗೋಡೆಯಲ್ಲಿ ಈಗಲೂ ಒಂದು ಇಂಗ್ಲಿಷ್ ಫಲಕ ಇದೆ. 1791ರ ಮಾರ್ಚ್ 21ರಂದು ಇಲ್ಲಿ ಗೋಡೆ ಒಡೆದು ಬ್ರಿಟಿಷರು ದಾಳಿ ಮಾಡಿದರು ಎಂದಷ್ಟೇ ಅದು ಹೇಳುತ್ತದೆ. ಒಳಗಿದ್ದವರು ಯಾರು ಎಂಬುದನ್ನು ಹೇಳುವುದಿಲ್ಲ. ಟಿಪ್ಪುವಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ವಾದಕ್ಕೆ ಪೇಟೆಯ ನೇಕಾರನ ಸಾವನ್ನು ಒತ್ತೆ ಇಡಬೇಕಾಗಿಲ್ಲ.

ಹಾಗೆಂದು ಬೆಂಗಳೂರಿಗೆ ಇಂಗ್ಲಿಷ್ ಹೆಸರುಗಳ ಮೇಲೆಲ್ಲ ಸಿಟ್ಟಿರಲಿಲ್ಲ ಎನ್ನುವುದಕ್ಕೆ ಅದೇ ವೃತ್ತದಲ್ಲಿ ಸಾಕ್ಷಿ ಇದೆ. ಸೆನೊಟಾಫ್ ಹೋಯಿತು, ಎದುರಿನ ಹಡ್ಸನ್ ಸ್ಮಾರಕ ಚರ್ಚು ಉಳಿಯಿತು. ಅದೂ ಸ್ಮಾರಕವೇ, ಅದೂ ಇಂಗ್ಲಿಷನದೇ. ಆದರೆ ಜೋಸೈಯಾ ಹಡ್ಸನ್ ಕನ್ನಡ ಶಾಲೆಗಳಿಗಾಗಿ, ಹೆಣ್ಣುಮಕ್ಕಳ ಓದಿಗಾಗಿ ದುಡಿದ ಪಾದ್ರಿ. 1904ರಲ್ಲಿ ಕಟ್ಟಿದ ಆ ಚರ್ಚಿನಲ್ಲಿ ಇವತ್ತೂ ಕನ್ನಡದಲ್ಲಿ ಪ್ರಾರ್ಥನೆ ನಡೆಯುತ್ತದೆ. ವೃತ್ತಕ್ಕೆ ಜನ ಹಡ್ಸನ್ ಸರ್ಕಲ್ ಎಂದೇ ಹೇಳಿದರು. ಬಳಸುವವರು ಇರುವ ಸ್ಮಾರಕಕ್ಕೆ ಕಾವಲು ಬೇಕಾಗುವುದಿಲ್ಲ. ಯಾಕಿದೆ ಎಂದು ಯಾರಿಗೂ ಗೊತ್ತಿಲ್ಲದ ಸ್ಮಾರಕ ಉರುಳಿದಾಗ ಅಳುವವರೂ ಇರುವುದಿಲ್ಲ.

ಸತ್ತವರಿಗೆ ಕಲ್ಲು ನಿಲ್ಲಿಸುವುದನ್ನು ನಮಗೆ ಇಂಗ್ಲಿಷರು ಕಲಿಸಬೇಕಾಗಿರಲಿಲ್ಲ. ವೀರಗಲ್ಲು, ಮಾಸ್ತಿಕಲ್ಲುಗಳಿಲ್ಲದ ಊರು ಕರ್ನಾಟಕದಲ್ಲಿ ಅಪರೂಪ. ಬೆಂಗಳೂರು ಎಂಬ ಹೆಸರಿನ ಅತಿ ಹಳೆಯ ದಾಖಲೆ ಸಿಕ್ಕಿದ್ದೇ ಅಂಥ ಒಂದು ಕಲ್ಲಿನಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲು ಅದು. ಬೆಂಗಳೂರು ಕಾಳಗದಲ್ಲಿ ನಾಗತ್ತರನ ಕಡೆಯ ಬುಟ್ಟನಸೆಟ್ಟಿ ಎಂಬವನು ಸತ್ತ ಎಂದು ಅದರಲ್ಲಿದೆ. ಆ ಕಾಳಗ ಯಾಕಾಯಿತು, ಯಾರು ಗೆದ್ದರು ಎಂಬುದು ಇವತ್ತು ಯಾರಿಗೂ ಮುಖ್ಯವಲ್ಲ. ಬುಟ್ಟನಸೆಟ್ಟಿ ರಾಜನೂ ಅಲ್ಲ. ಆದರೂ ಸತ್ತವನ ಹೆಸರು, ಸತ್ತ ಊರಿನ ಹೆಸರು ಎರಡನ್ನೂ ಬರೆದ ಆ ಶಿಲ್ಪಿಯಿಂದಾಗಿ ನಮ್ಮ ರಾಜಧಾನಿಗೆ ಸಾವಿರದ ನೂರು ವರ್ಷದ ಹುಟ್ಟುಪತ್ರ ಸಿಕ್ಕಿತು. ಅವನು ಬರೀ 'ಸ್ಮರಣಾರ್ಥ' ಎಂದು ಕೆತ್ತಿ ಬಿಟ್ಟಿದ್ದರೆ?

ಕಾರ್ಪೊರೇಷನ್ ವೃತ್ತದಲ್ಲಿ, ಕೆಂಪೇಗೌಡರ ಪ್ರತಿಮೆಯ ಹತ್ತಿರ, ಒಂದು ಸಣ್ಣ ಫಲಕ ಹಾಕಲು ದೊಡ್ಡ ಖರ್ಚೇನೂ ಬೇಕಾಗಿಲ್ಲ. ಕನ್ನಡದಲ್ಲಿ ನಾಲ್ಕು ಸಾಲು ಸಾಕು. ಇಲ್ಲಿ ಪೇಟೆಯ ಹಲಸೂರು ಬಾಗಿಲಿತ್ತು. 1791ರ ಮಾರ್ಚ್ 7ರಂದು ಇಲ್ಲಿ ಕಾಳಗ ನಡೆಯಿತು, ಊರ ಜನ ಸತ್ತರು. ಗೆದ್ದವರಿಗೆ ಇಲ್ಲೊಂದು ಸ್ಮಾರಕ ನಿಂತಿತ್ತು. 1964ರಲ್ಲಿ ನಗರ ಅದನ್ನು ತೆಗೆಯಿತು. ಅಷ್ಟು ಬರೆದರೆ ಕಟ್ಟಿದ್ದೂ ಕೆಡವಿದ್ದೂ ಎರಡೂ ನಮ್ಮ ಊರಿನ ಚರಿತ್ರೆಯೇ ಆಗುತ್ತದೆ. ಕೆಡವಿದ್ದು ಕೂಡ ನೆನಪಿಡಬೇಕಾದ ಸಂಗತಿಯೇ ತಾನೆ? ಚಪ್ಪಾಳೆ ತಟ್ಟಿದ ಹದಿನೆಂಟರ ಹುಡುಗರಲ್ಲಿ ಈಗ ಉಳಿದಿರುವವರು ಎಷ್ಟು ಜನ?

ಕಾಕಾನ ಕಲ್ಲು

ಕಳೆದ ಭಾನುವಾರ ಮತ್ತೆ ಸೊಸೈಟಿಯ ಸಭೆ. ಅಪ್ಪ ಸಭೆಗೆ ಬಂದವರಲ್ಲ, ಅಂದು ತಾವಾಗಿಯೇ ಹೊರಟರು. ಕಲ್ಲಿನ ವಿಷಯ ಬಂದಾಗ ನಾನು ಒಂದು ಹಾಳೆ ತೆಗೆದು ಓದಿದೆ. ಕಾಕಾನ ಜೊತೆ ಆಗ ಓಡಾಡಿದ ಇಬ್ಬರು ಹಿರಿಯರನ್ನು ಕೂರಿಸಿಕೊಂಡು ಬರೆದುಕೊಂಡದ್ದು. ಟ್ಯಾಂಕರ್ ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತು, ಹೆಂಗಸರು ಎಲ್ಲಿಂದ ಕೊಡ ಹೊರುತ್ತಿದ್ದರು, ಕೊಳಾಯಿ ಬಂದ ದಿನ ಕಾಕಾ ಏನು ಮಾಡಿದರು. ಅಂದು ಅವರು ಯಾರಿಗೂ ಹೇಳದೆ ಮನೆಗೆ ಹೋಗಿ ಸ್ನಾನ ಮಾಡಿ ಮಲಗಿದರಂತೆ, ಮೂರು ವರ್ಷಕ್ಕೆ ಮೊದಲ ಸಲ ಬಕೆಟ್ ಲೆಕ್ಕ ಹಾಕದೆ. ಅದನ್ನು ಓದುವಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಇನ್ಯಾರೋ ಕಣ್ಣೊರೆಸಿಕೊಂಡರು.

ವಾಚನಾಲಯಕ್ಕೆ ಜಾಗ ಸಿಗಲಿಲ್ಲ. ಹೊಸ ಪ್ಲಾನಿನಲ್ಲಿ ಒಂದು ಚದರಡಿಯೂ ಮಿಕ್ಕಿಲ್ಲವೆಂದು ಬಿಲ್ಡರ್ ಕಡೆಯವರು ನಕ್ಷೆ ಬಿಚ್ಚಿ ತೋರಿಸಿದರು. ನಾನೂ ಹಠ ಮಾಡಲಿಲ್ಲ. ಪುಸ್ತಕಗಳು ಹತ್ತಿರದ ಶಾಲೆಗೆ ಹೋಗುತ್ತವೆ. ಆದರೆ ಕಲ್ಲು ಕೆಳಗಿನ ಲಾಬಿಯಲ್ಲಿ, ನೀರಿನ ಪಂಪಿನ ಕೋಣೆಯ ಹೊರಗೋಡೆಯ ಮೇಲೆ ಬರುತ್ತದೆ. ಜಾಗ ಸೂಚಿಸಿದ್ದು "ಅಂಕಲ್, ಇವರು ಯಾರು?" ಎಂದು ಕೇಳಿದ ಆ ಹುಡುಗನೇ. ಕಲ್ಲಿನ ಕೆಳಗೆ ಒಂದು ಸ್ಟೀಲ್ ಫಲಕ. ಅದರಲ್ಲಿ ಕಾಕಾ ಯಾರು, ಇಲ್ಲಿ ಮೊದಲು ಏನಿತ್ತು, ಯಾವ ವರ್ಷ ಯಾಕೆ ಕೆಡವಿದೆವು ಎಂದು ನಾಲ್ಕು ಸಾಲು. ಕೆಡವಿದ ಮಾತು ಬೇಡ, ಚೆನ್ನಾಗಿರುವುದಿಲ್ಲ ಎಂದು ಒಬ್ಬರು ಅಂದರು. ಆಗ ಅಪ್ಪ ತಮ್ಮ ಅರೆಬರೆ ಹಿಂದಿಯಲ್ಲಿ, "ಅದು ಇರಲಿ. ಅದನ್ನ ಬರೀಲಿಲ್ಲ ಅಂದ್ರೆ ಮುಂದೆ ಯಾರೂ ಕೇಳಲ್ಲ" ಎಂದರು. ಇತ್ತು ಎಂದೇ ತೀರ್ಮಾನವಾಯಿತು.

ಇಂದು ಬೆಳಗ್ಗೆ ಕೆಲಸದಾಕೆ ಎಂದಿನಂತೆ ಕಸಬರಿಗೆ ಹಿಡಿದು ಕೇಳಿದಳು. ದೀಪಾವಳಿಗೆ ಹೋಗುತ್ತೆ ಎಂದೆ. ಅವಳು ಮೊದಲ ಸಲ ಬೆಡ್‌ಶೀಟ್ ಸರಿಸಿ, ಅಕ್ಷರ ಕೂಡಿಸಿಕೊಂಡು ಹೆಸರು ಓದಿ, ಇವರು ಯಾರು ಎಂದು ಕೇಳಿದಳು. ಟೀ ಆರುವವರೆಗೆ ಹೇಳಿದೆ.